ಅರ್ಧ ಇಂಚಿನ ಕಾಜ

ಬೆಳಿಗ್ಗೆ ಎಂಟೂಕಾಲಿಗೆ ಶುರುವಾದ ಅಂಗಿಯ ಯುದ್ಧ ಒಂಬತ್ತಾದರೂ ಮುಗಿದಿರಲಿಲ್ಲ. ಮಂಚದ ಅಂಚಿನಲ್ಲಿ ಕೂತ ಮಾಸ್ಟ್ರು ಎರಡನೆಯ ಗುಂಡಿಯನ್ನು ಬಲಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿಯುತ್ತಿದ್ದರು. ಅದು ಜಾರುತ್ತಿತ್ತು. ಮತ್ತೆ ಹಿಡಿಯುತ್ತಿದ್ದರು, ಮತ್ತೆ ಜಾರುತ್ತಿತ್ತು. ಎದುರಿಗೆ ಸ್ಟೂಲಿನ ಮೇಲೆ ಕೂತ ಅವರ ಹೆಂಡತಿ ತನ್ನೆರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡಿದ್ದಳು. ಹಾಗೆ ಮಾಡದಿದ್ದರೆ ಆ ಕೈಗಳು ಅವಳನ್ನು ಕೇಳದೆಯೇ ಎದ್ದುಹೋಗಿ ಗುಂಡಿ ಹಾಕಿ ಬಂದುಬಿಡುತ್ತಿದ್ದವು.

"ಹಾಕ್ಲೇನ್ರೀ?" ಎಂದಳು.

"ಮುಟ್ಟಿದ್ರೆ ನೋಡು."

ಐದು ನಿಮಿಷ ಕಳೆಯಿತು.

"ಅಲ್ಲ, ಕಲ್ಲಿನ ಹಾಗೆ ನೋಡ್ತಾ ಕೂತಿದೀಯಲ್ಲ, ಒಂದು ಗುಂಡಿ ಹಾಕಬಾರ್ದಾ?"

ಅವಳು ಕೈ ಚಾಚಿದಳು.

"ಮುಟ್ಟಬೇಡ ಅಂದೆ!"

ಇಂಥ ಗಂಡನನ್ನು ಕಟ್ಟಿಕೊಂಡು ಏಗುವುದು ಹೇಗೆ, ನೀವೇ ಹೇಳಿ. ಹೆಂಡತಿ ಅದನ್ನೇ ಗೋಡೆ ಗಡಿಯಾರಕ್ಕೆ ಕೇಳಿದಳು. ಗಡಿಯಾರ ಒಂಬತ್ತೂಹತ್ತು ತೋರಿಸಿತು. ಕೆಳಗೆ ಅಂಗಡಿಯಲ್ಲಿ ಮಗಳು ಆಗಲೇ ಮೆಷಿನ್ ತುಳಿಯುವ ಸದ್ದು ಕೇಳುತ್ತಿತ್ತು. ಕೊನೆಗೆ ಮಾಸ್ಟ್ರು ಅಂಗಿಯನ್ನು ಕಿತ್ತು ಬಾಗಿಲಿನತ್ತ ಎಸೆದರು. ಎಸೆದದ್ದು ಎಡಗೈಯಲ್ಲಿ, ಆದ್ದರಿಂದ ಅದು ಚೆನ್ನಾಗಿಯೇ ಹೋಗಿ ಬಿತ್ತು.

ಐದು ತಿಂಗಳ ಹಿಂದಿನವರೆಗೆ ಈ ಮನೆಯಲ್ಲಿ ಎಸೆಯುವ ಪದ್ಧತಿ ಇರಲಿಲ್ಲ. ಮಾಸ್ಟ್ರು ಎಂದರೆ ಇಡೀ ಬೀದಿಗೆ ಕಟಿಂಗ್ ಮಾಸ್ಟ್ರು. ಮೂವತ್ತೆಂಟು ವರ್ಷ ಅದೇ ಮೇಜಿನ ಮುಂದೆ ನಿಂತು, ಅದೇ ಕತ್ತರಿ ಹಿಡಿದು, ಊರಿನ ಅರ್ಧ ಗಂಡಸರ ಕೋಟು ಕತ್ತರಿಸಿದವರು. ಹೆಂಡತಿ ಅವರು ಕತ್ತರಿಸಿದ್ದಕ್ಕೆಲ್ಲ ಕೈಯಿಂದ ಕಾಜ ಹಾಕುವವಳು. ಗುಂಡಿ ತೂರುವ ಆ ಸಣ್ಣ ಸೀಳಿನ ಅಂಚನ್ನು ದಾರದಿಂದ ಒತ್ತೊತ್ತಾಗಿ ಹೊಲಿದು ಗಟ್ಟಿಮಾಡುವ ಕೆಲಸ ಅದು. ಅದನ್ನು ಅವಳಷ್ಟು ಅಚ್ಚುಕಟ್ಟಾಗಿ ಮಾಡುವವರು ಯಾರೂ ಇಲ್ಲವೆಂದು ಗಿರಾಕಿಗಳು ಅವಳಿಗೆ ಕಾಜಮ್ಮ ಎಂದೇ ಹೆಸರಿಟ್ಟಿದ್ದರು. ಮಗಳು ಮೆಷಿನ್ನಿನವಳು. ಕತ್ತರಿಸುವುದೂ ಬರುತ್ತಿತ್ತು, ಆದರೆ ಎಡಚಿಯಾದ್ದರಿಂದ ಅವಳ ಕತ್ತರಿಯೇ ಬೇರೆ.

ಆವತ್ತು ಮಾಸ್ಟ್ರು ಅಂಚೆಯಣ್ಣನ ಕೋಟಿನ ಬಟ್ಟೆಗೆ ಗೆರೆ ಎಳೆಯುತ್ತಿದ್ದರು. ಅಂಚೆಯಣ್ಣ ಎಂದರೆ ಮೂವತ್ತು ವರ್ಷ ಭಾರದ ಚೀಲ ಹೊತ್ತು ಕಾಗದ ಹಂಚಿ ನಿವೃತ್ತನಾದ ಮನುಷ್ಯ. ಚೀಲ ಹೊತ್ತ ಎಡಭುಜ ಬಲಭುಜಕ್ಕಿಂತ ಒಂದು ಇಂಚು ಕೆಳಗೆ ಕೂತುಬಿಟ್ಟಿತ್ತು. ಬೇರೆ ಯಾರು ಹೊಲಿದರೂ ಅವನು ಗಾಳಿಗೆ ವಾಲಿದ ಕಂಬದಂತೆ ಕಾಣುತ್ತಿದ್ದ. ಮಾಸ್ಟ್ರು ಕತ್ತರಿಸಿದರೆ ಮಾತ್ರ ಎರಡೂ ಭುಜ ಸಮನಾಗಿ ನಿಲ್ಲುತ್ತಿದ್ದವು. ಅದು ಹೇಗೆಂದು ಅವರು ಯಾರಿಗೂ ಹೇಳಿಕೊಟ್ಟಿರಲಿಲ್ಲ, ಕೇಳಿದರೆ ಹೇಳಲು ಅವರಿಗೂ ಬರುತ್ತಿರಲಿಲ್ಲ. ಅದು ಕೈಗೆ ಗೊತ್ತಿದ್ದ ವಿಷಯ. ಬಲಭುಜದ ಗೆರೆ ಮುಗಿಸಿ ಎಡಭುಜಕ್ಕೆ ಬಂದಾಗ ಸೀಮೆಸುಣ್ಣ ಕೈಯಿಂದ ಬಿತ್ತು. ಅದರ ಹಿಂದೆಯೇ, ಕೈ ತಗುಲಿ ಮೇಜಿನ ಮೇಲಿದ್ದ ಕತ್ತರಿ ಬಿತ್ತು. ಮೂವತ್ತೆಂಟು ವರ್ಷದಲ್ಲಿ ಕತ್ತರಿ ನೆಲಕ್ಕೆ ಬಿದ್ದ ಸದ್ದು ಆ ಅಂಗಡಿಯಲ್ಲಿ ಯಾರೂ ಕೇಳಿರಲಿಲ್ಲ. ಮಗಳು ತಿರುಗಿ ನೋಡುವ ಮೊದಲೇ ಕೂಗಿಕೊಂಡಿದ್ದಳು.

ಆಸ್ಪತ್ರೆಯಲ್ಲಿ ಸ್ಟ್ರೋಕ್ ಎಂದರು, ಬಲಭಾಗ ಎಂದರು. ಎಷ್ಟು ಸರಿಹೋಗುತ್ತದೆ ಎಂದು ಕೇಳಿದ್ದಕ್ಕೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನೋ ಹೇಳಿದರು. ಮೊದಲು ಮಾತು ಬಂತು. ಮಾತಿನಲ್ಲೂ ಮೊದಲು ಬಂದದ್ದು ಬೈಗುಳ. ಆಮೇಲೆ ಕಾಲು ಬಂತು, ಕೋಲು ಹಿಡಿದು ಬಚ್ಚಲಿಗೆ ಹೋಗಿ ಬರುವಷ್ಟು. ಕೈ ಮಾತ್ರ ಹಟ ಹಿಡಿದು ಕೂತಿತ್ತು.

ವಾರಕ್ಕೆರಡು ಸಲ ಬರುವ ಫಿಸಿಯೋ ಹುಡುಗಿ ಕಡ್ಡಿ ಮುರಿದಂತೆ ಹೇಳಿದ್ದಳು. "ಅಂಗಿ ಅವರೇ ಹಾಕ್ಕೋಬೇಕು. ಬಲಗೈಯಲ್ಲೇ ಗುಂಡಿ ಹಿಡೀಬೇಕು. ಒಂದು ಗಂಟೆ ಆದ್ರೂ ಸರಿ, ನೀವು ಕೈ ಹಾಕಬಾರ್ದು ಆಂಟಿ. ನೀವು ಹಾಕಿದ್ರೆ ನಿಮ್ಮ ಕೈಗೆ ವ್ಯಾಯಾಮ ಆಗುತ್ತೆ ಅಷ್ಟೆ."

ಹೇಳಿ ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದಳು. ಅವಳಿಗೇನು? ದಿನಾ ಬೆಳಿಗ್ಗೆ ಆ ಸ್ಟೂಲಿನ ಮೇಲೆ ಕೂರಬೇಕಾದವಳು ಕಾಜಮ್ಮ. ಸೂಜಿಯ ಕಣ್ಣಿನಷ್ಟು ಜಾಗದಲ್ಲಿ ಗೆರೆ ತಿರುಗಿಸುತ್ತಿದ್ದ ಬೆರಳು ಒಂದು ಗುಂಡಿಯ ಮುಂದೆ ಮಂಡಿಯೂರುವುದನ್ನು ನೋಡಬೇಕಾದವಳೂ ಅವಳೇ. ಅದರ ಮೇಲೆ ಈ ಮನುಷ್ಯನ ಬಾಯಿ ಬೇರೆ.

ಅಂಗಿ ಎಸೆದ ದಿನ ಮಧ್ಯಾಹ್ನ ಮಾಸ್ಟ್ರು ಗೊರಕೆ ಹೊಡೆಯುತ್ತಿದ್ದಾಗ ಕಾಜಮ್ಮ ಅದೇ ನೀಲಿ ಅಂಗಿಯನ್ನು ಕಿಟಕಿಯ ಬಳಿ ಒಯ್ದಳು. ಬ್ಲೇಡಿನಿಂದ ಒಂದೊಂದು ಕಾಜದ ತುದಿಯನ್ನೂ ನಾಲ್ಕೇ ನಾಲ್ಕು ಹೊಲಿಗೆಯಷ್ಟು ಬಿಚ್ಚಿದಳು. ಸೀಳನ್ನು ಒಂದಿಷ್ಟು ಉದ್ದ ಮಾಡಿ ಅಂಚನ್ನು ಮತ್ತೆ ಹೊಲಿದಳು. ಏಳು ಕಾಜಕ್ಕೆ ಒಂದು ಗಂಟೆ ಹಿಡಿಯಿತು. ಕೈ ಹಾಕಬಾರದು ಎಂದಿದ್ದಳಲ್ಲ ಆ ಹುಡುಗಿ, ಕಾಜಕ್ಕೆ ಹಾಕಬಾರದು ಎಂದಿರಲಿಲ್ಲ. ಹೀಗೆ ತನಗೆ ತಾನೇ ವಕೀಲಿಕೆ ಮಾಡಿಕೊಂಡು ಅಂಗಿಯನ್ನು ಮಡಚಿ ಬೀರುವಿನಲ್ಲಿಟ್ಟಳು.

ಮುಂದಿನ ಸಲ ನೀಲಿ ಅಂಗಿ ತೊಟ್ಟಾಗ ಏಳು ಗುಂಡಿಗೆ ಇಪ್ಪತ್ತು ನಿಮಿಷ. ಮಾಸ್ಟ್ರು ಕೊನೆಯ ಗುಂಡಿಯನ್ನೂ ತೂರಿಸಿದರು. ತಮ್ಮ ಬಲಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿದರು.

"ಏಯ್," ಎಂದರು. "ಬಂತು ಕಣೇ."

ಐದು ತಿಂಗಳಲ್ಲಿ ಅವರ ಮುಖದಲ್ಲಿ ಆ ಬೆಳಕು ಅವಳು ಕಂಡಿರಲಿಲ್ಲ. ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತು ಬಂದಳು. ಆ ವಾರದೊಳಗೆ ಉಳಿದ ಐದು ಅಂಗಿಗಳ ಕಾಜಗಳೂ ದೊಡ್ಡವಾದವು.

ಆದರೆ ಸುಖ ಎಂಬುದು ಆ ಮನೆಯಲ್ಲಿ ಎರಡು ದಿನ ನೆಟ್ಟಗೆ ಕೂರುವ ವಸ್ತುವಲ್ಲ. ಮಾಸ್ಟ್ರು ಹಿಗ್ಗಿ ಹೀರೇಕಾಯಿಯಾದರು. ದಿನಾ ಗಡಿಯಾರ ನೋಡಿ ನಿಮಿಷ ಸಾರತೊಡಗಿದರು. "ಹದಿನಾಲ್ಕು! ಹನ್ನೊಂದು! ಹತ್ತು!" ಮೇಲಿನಿಂದಲೇ ಮೆಷಿನ್ನಿನ ಸದ್ದು ಕೇಳಿ ಮಗಳ ಹೊಲಿಗೆ ತಿದ್ದತೊಡಗಿದರು. "ಯಾಕೆ ಅಷ್ಟು ಓಡಿಸ್ತಿದಾಳೆ? ತೋಳು ಹೊಲಿಯೋದು ಹೀಗಾ?" ಫಿಸಿಯೋ ಹುಡುಗಿಗೆ ಅವಳ ಕೆಲಸವನ್ನೇ ಹೇಳಿಕೊಟ್ಟರು. ಕೊನೆಗೆ ಅಂಚೆಯಣ್ಣನಿಗೆ ಫೋನ್ ಮಾಡಿಸಿದರು. "ಬಟ್ಟೆ ಭದ್ರವಾಗಿದೆ, ಮುಂದಿನ ತಿಂಗಳು ನಾನೇ ಕತ್ತರಿಸ್ತೀನಿ, ಬೇರೆ ಕಡೆ ಹೋಗ್ಬೇಡ." ಅಂಚೆಯಣ್ಣ ಐದು ತಿಂಗಳಿಂದ ಎಲ್ಲಿಗೂ ಹೋಗಿರಲಿಲ್ಲ. ಅವನ ಬಟ್ಟೆ ಅರ್ಧ ಗೆರೆ ಹೊತ್ತು ಅಂಗಡಿಯ ಮೇಲಿನ ಕಪಾಟಿನಲ್ಲಿ ಮಲಗಿತ್ತು.

ಕಾಜಮ್ಮ ಆಗ ಯೋಚನೆಗೆ ಬಿದ್ದಳು. ಅಂಗಿಯ ಕಾಜ ದೊಡ್ಡದು ಮಾಡಬಹುದು, ಕೋಟಿನ ಬಟ್ಟೆಗೆ ಏನು ಮಾಡುವುದು? ಆದರೂ ಬಾಯಿ ಬಿಡಲಿಲ್ಲ. ತಿಂಗಳಿಗೆ ಇನ್ನೂ ಮೂವತ್ತು ದಿನವಿದೆ, ಅಷ್ಟರಲ್ಲಿ ಕೈ ನಿಜವಾಗಿಯೇ ಬಂದೀತು ಎಂದು ಸುಮ್ಮನಾದಳು.

ಅಷ್ಟರಲ್ಲಿ ಬಂದದ್ದು ಬೇರೆಯೇ. ಒಂದು ಬುಧವಾರ ಬಿಳಿ ಅಂಗಿ ಅರ್ಧ ಗಂಟೆ ತಿಂದಿತು.

"ನಿನ್ನೆ ಹತ್ತು ನಿಮಿಷ. ಇವತ್ತು ಮೂವತ್ತು. ಏನಾಯ್ತು ಈ ಕೈಗೆ?"

"ನಿದ್ದೆ ಸರಿಯಾಗಿರಲಿಲ್ಲವೇನೋ ಬಿಡಿ," ಎಂದಳು. ಮಧ್ಯಾಹ್ನ ಬಿಳಿ ಅಂಗಿಯ ಕಾಜಗಳನ್ನು ಇನ್ನಷ್ಟು ಬಿಚ್ಚಿ ಹೊಲಿದಳು. ತಾನು ಮೊದಲೇ ಸಾಕಷ್ಟು ಬಿಚ್ಚಿರಲಿಲ್ಲ ಎಂದುಕೊಂಡಳೇ ಹೊರತು, ಎದುರಿಗಿದ್ದ ಹೊಲಿಗೆಯನ್ನು ಸರಿಯಾಗಿ ನೋಡಲಿಲ್ಲ. ಮಾಸ್ಟ್ರು ಏಳುತ್ತಾರೆಂಬ ಅವಸರ, ಕನ್ನಡಕ ಬೇರೆ ಕೆಳಗೆ ಅಂಗಡಿಯಲ್ಲಿತ್ತು. ನಲವತ್ತು ವರ್ಷದ ಅಭ್ಯಾಸದ ಕೈ ತಡವಿಕೊಂಡೇ ಕೆಲಸ ಮುಗಿಸಿತು. ಮುಂದಿನ ವಾರ ಬಿಳಿ ಅಂಗಿ ಒಂಬತ್ತೇ ನಿಮಿಷ. ಆದರೆ ಗೀಟಿನ ಅಂಗಿ ಇಪ್ಪತ್ತೈದು. ಅದನ್ನು ಬಿಚ್ಚಿದಳು. ಆಮೇಲೆ ಬೂದು ಅಂಗಿ ಕೈಕೊಟ್ಟಿತು. ಹೀಗೆ ಮೂರು ವಾರ. ಇವತ್ತು ಬಂದದ್ದು ನಾಳೆ ಇಲ್ಲ, ನಾಳೆ ಇಲ್ಲದ್ದು ನಾಡಿದ್ದು ಇದೆ. ಫಿಸಿಯೋ ಹುಡುಗಿಯೂ ತಲೆ ಕೆರೆದುಕೊಂಡಳು. ಹಿಡಿತ ಗಟ್ಟಿಯಾಗುತ್ತಲೇ ಇದೆ, ಹೀಗೆ ಏರಿಳಿಯಲು ಕಾರಣ ಕಾಣುತ್ತಿಲ್ಲ ಎಂದಳು.

ಮಾಸ್ಟ್ರು ನಿಮಿಷ ಸಾರುವುದನ್ನು ಬಿಟ್ಟರು. ಬೈಯುವುದನ್ನೂ ಬಿಟ್ಟರು. ಕಾಜಮ್ಮನಿಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

ಒಂದು ಸೋಮವಾರ ನೀಲಿ ಅಂಗಿಗೆ ಹದಿನೆಂಟು ನಿಮಿಷವಾಯಿತು. ಹಿಂದಿನ ಸಲ ಅದೇ ಅಂಗಿ ಹತ್ತು ನಿಮಿಷದಲ್ಲಿ ಮುಗಿದಿತ್ತು. ಮಾಸ್ಟ್ರು ಏಳೂ ಗುಂಡಿ ಹಾಕಿ, ಮಗಳನ್ನು ಮೇಲಕ್ಕೆ ಕರೆಸಿದರು.

"ನನ್ನ ಕತ್ತರಿ ನೀನೇ ಇಟ್ಕೋ," ಎಂದರು. "ಅಂಚೆಯಣ್ಣಂಗೆ ಹೇಳು, ಶುಕ್ರವಾರ ಬಂದು ಬಟ್ಟೆ ತಗೊಂಡು ಹೋಗ್ಲಿ."

"ಅಪ್ಪಾ, ಅದು ಬಲಗೈ ಕತ್ತರಿ. ನಾನು ಎಡಚಿ. ನಂಗ್ಯಾಕೆ ಅದು?"

"ಹಾಗಾದ್ರೆ ಮಾರು. ಇವತ್ತಿದ್ದು ನಾಳೆ ಇರದ ಕೈ ಕಟ್ಕೊಂಡು ನಾನು ಇನ್ನೊಬ್ಬರ ಬಟ್ಟೆ ಕತ್ತರಿಸೋದಾ? ಇದು ನನ್ನ ಕೈ ಅಲ್ಲ. ಯಾರದೋ ಕೈ."

"ನಿಮಗೇನ್ರೀ ಬಂದಿರೋದು? ಗುಂಡಿ ಹಾಕಿದ್ರಲ್ಲ!" ಕಾಜಮ್ಮ ಸಿಡುಕಿದಳು. "ಹತ್ತು ನಿಮಿಷ ಆದ್ರೇನು, ಹದಿನೆಂಟಾದ್ರೇನು? ಹಿಂದೆ ಮುಕ್ಕಾಲು ಗಂಟೆ ಕೂತು ಎರಡು ಹಾಕ್ತಿದ್ರಿ!"

"ಕೈಯಲ್ಲ ಕಣೇ," ಎಂದರು ಮಾಸ್ಟ್ರು. ದನಿ ಎತ್ತರಿಸಲೇ ಇಲ್ಲ. "ತಲೇಲಿ ಮತ್ತೇನೋ ಒಡೀತಿದೆ ಅಂತ ಕಾಣುತ್ತೆ. ದಿನಾ ಬೆಳಿಗ್ಗೆ ಎದ್ದು, ಇವತ್ತು ಎಷ್ಟು ಹೋಗಿದೆ ಅಂತ ನೋಡ್ಕೋಬೇಕು. ನಂಗೆ ಸಾಕಾಗಿದೆ."

ಕಾಜಮ್ಮನಿಗೂ ಸಾಕಾಗಿತ್ತು. ಮೂರು ದಿನ ಮಾಸ್ಟ್ರು ಅಂಗಿಯನ್ನೇ ಮುಟ್ಟದೆ ಬನಿಯನ್ನಿನಲ್ಲೇ ಕೂತರು. ಮೆತ್ತನೆಯ ಚೆಂಡು ಹಿಸುಕುವ ವ್ಯಾಯಾಮ ಬಿಟ್ಟರು. ಅವಳು ಪುಸಲಾಯಿಸಿದಳು, ಗದರಿಸಿದಳು, ಊಟದ ತಟ್ಟೆ ಸದ್ದು ಮಾಡಿ ಇಟ್ಟಳು. ಅವರು ಗೋಡೆಯ ಕಡೆಗೆ ತಿರುಗಿ ಕೂತರು. ಕೆಳಗೆ ಮಗಳು ಅಂಚೆಯಣ್ಣನ ಬಟ್ಟೆಯನ್ನು ಕಪಾಟಿನಿಂದ ಇಳಿಸಿ ಕಾಗದದಲ್ಲಿ ಸುತ್ತಿಟ್ಟಳು. ನಿಜ ಹೇಳಿಬಿಡಲೇ ಎಂದು ಕಾಜಮ್ಮ ನೂರು ಸಲ ಬಾಯಿ ತೆರೆದಳು. ನಾನೇ ಕಾಜ ದೊಡ್ಡದು ಮಾಡಿದ್ದು, ಆ ಹತ್ತು ನಿಮಿಷವೂ ನಿಮ್ಮದಲ್ಲ ಎಂದರೆ ಉಳಿದದ್ದೂ ಹೋದೀತು. ಬಾಯಿ ಮುಚ್ಚಿಕೊಂಡಳು.

ಗುರುವಾರ ಬೆಳಿಗ್ಗೆ ಅವಳು ಅಡಿಗೆಮನೆಯಲ್ಲಿದ್ದಾಗ ಒಳಗಿನಿಂದ ಗುಡುಗಿದ ಹಾಗೆ ಕೂಗು ಬಂತು. "ಕನ್ನಡಕ ಎಲ್ಲಿ?"

ಹೋಗಿ ನೋಡಿದರೆ ಬೀರು ಬಾಯಿ ತೆರೆದಿತ್ತು. ಆರೂ ಅಂಗಿಗಳು ಮಂಚದ ಮೇಲೆ ಸಾಲಾಗಿ ಮಲಗಿದ್ದವು. ಚಳಿಗೆ ಏನಾದರೂ ತೊಡೋಣವೆಂದು ಬಿಳಿ ಅಂಗಿ ಎತ್ತಿಕೊಂಡ ಮಾಸ್ಟ್ರ ಬೆರಳಿಗೆ ಏನೋ ಸಿಕ್ಕಿರಬೇಕು. ಲಕ್ವ ಅವರ ಕೈ ಹಿಡಿದಿತ್ತು, ಕಣ್ಣನ್ನಲ್ಲ. ಕನ್ನಡಕ ಏರಿಸಿ, ಕಾಜವೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು.

"ಈ ಕಾಜ ಯಾರದು?"

"ನಂದೇ. ಈ ಮನೇಲಿ ಇನ್ಯಾರು ಕಾಜ ಹಾಕ್ತಾರೆ?"

"ನಿಂದು ಅಂತ ಗೊತ್ತು. ಎಷ್ಟು ಸಲ ಹಾಕಿದೀಯ ಅಂತ ಕೇಳ್ತಿದೀನಿ."

ಮಾಸ್ಟ್ರು ಕೋಲಿನಿಂದ ನೆಲಕ್ಕೆ ಮೂರು ಸಲ ಬಡಿದರು. ಅದು ಕೆಳಗಿನ ಅಂಗಡಿಗೆ ಕರೆ. ಮಗಳು ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಓಡಿ ಬಂದಳು. ಮಂಚದ ಮೇಲಿನ ಅಂಗಿಗಳನ್ನು ಕಂಡು ಬಾಗಿಲಲ್ಲೇ ನಿಂತಳು.

"ನಿಮ್ಮಮ್ಮ ದಾರಾನ ಎಡದಿಂದ ಬಲಕ್ಕೆ ಎಳೀತಾಳೆ. ಇದು ಅವಳದು, ಇದೂ ಅವಳದು. ಕೊನೇಲಿ ಈ ನಾಲ್ಕು ಹೊಲಿಗೆ ಉಲ್ಟಾ ಇದೆ. ಇದು ಎಡಚಿ ಹೊಲಿಗೆ. ಆಮೇಲೆ ಅದರ ಮೇಲೆ ಮತ್ತೆ ಬ್ಲೇಡು ಹಾಕಿ, ಮತ್ತೆ ಅವಳದು. ಏನಿದು? ಇದು ಅಂಗಿಯೋ, ನೀವಿಬ್ಬರೂ ಜಗಳ ಆಡೋ ಮೈದಾನವೋ?"

ಕಾಜಮ್ಮ ಮಗಳತ್ತ ತಿರುಗಿದಳು. "ನೀನಾ?"

"ನೀನು ಯಾಕೆ ದೊಡ್ಡದು ಮಾಡ್ದೆ?" ಮಗಳೂ ಬಿಡಲಿಲ್ಲ. "ಇಸ್ತ್ರಿ ಮಾಡುವಾಗ ನೋಡ್ದೆ. ಅರ್ಧ ಇಂಚಿನ ಗುಂಡಿಗೆ ಮುಕ್ಕಾಲು ಇಂಚು ಕಾಜ! ಗುಂಡಿ ಹಾಕೋದು ಬೇಡ, ಎಸೆದ್ರೂ ಒಳಗೆ ಹೋಗಿ ಬೀಳುತ್ತೆ. ಆ ಫಿಸಿಯೋ ಮೇಡಂ ನಂಗೆ ಮೆಟ್ಟಿಲ ಹತ್ರ ಏನಂದ್ಲು ಗೊತ್ತಾ? ಕೈಗೆ ವಾರ ವಾರ ಸ್ವಲ್ಪ ಸ್ವಲ್ಪ ಕಷ್ಟ ಕೊಡ್ಬೇಕು, ಆಗ್ಲೇ ಬರೋದು ಅಂದ್ಲು. ಅದಕ್ಕೇ ವಾರಕ್ಕೆ ಒಂದೆರಡು ಹೊಲಿಗೆ ಮುಚ್ತಾ ಬಂದೆ."

"ನಂಗೆ ಒಂದು ಮಾತು ಹೇಳಬಾರ್ದಾಗಿತ್ತಾ?"

"ನೀನು ಹೇಳಿದ್ಯಾ? ಕೇಳಿದ್ರೆ ಅಳ್ತಿದ್ದೆ. ನಿನ್ನ ಬೇಜಾರು ಮಾಡೋದು ಬೇಡ ಅಂತ ಸುಮ್ನಿದ್ದೆ."

"ನಾನು ಮತ್ತೆ ಬಿಚ್ಚಿದ್ದು ಕಾಣ್ಲಿಲ್ವಾ ನಿಂಗೆ?"

"ಕಾಣ್ತು. ಅಮ್ಮಂಗೆ ಬುದ್ಧಿ ಬಂದಿಲ್ಲ ಅಂತ ಮತ್ತೆ ಹೊಲಿದೆ!"

"ಬಾಯಿ ಮುಚ್ಚಿ ಇಬ್ರೂ!" ಮಾಸ್ಟ್ರ ದನಿಗೆ ಕಿಟಕಿಯ ಗಾಜು ಕೂಡ ಅದುರಿತು. "ಒಬ್ಬಳು ಬಿಚ್ಚೋದು, ಒಬ್ಬಳು ಹೊಲಿಯೋದು. ನಡುವೆ ನಾನು ತಲೇಲಿ ಇನ್ನೊಂದು ನರ ಹೋಯ್ತು ಅಂತ ದಿನಾ ಸಾಯೋದು! ಮೂರು ವಾರ! ಕತ್ತರಿ ಮಾರು ಅಂದೆ ಕಣ್ರೇ ನಾನು!"

ಕಾಜಮ್ಮ ಸ್ಟೂಲಿನ ಮೇಲೆ ಕುಸಿದಳು. ಇಷ್ಟು ದಿನ ನಲ್ಲಿಯ ಸದ್ದಿನಲ್ಲಿ ಮುಚ್ಚಿಟ್ಟಿದ್ದ ಅಳು ಈಗ ಎಲ್ಲರೆದುರೇ ಬಂತು.

"ನೀವು ಸೋಲೋದನ್ನ ನೋಡೋಕೆ ನನ್ನಿಂದ ಆಗ್ಲಿಲ್ಲ ರೀ," ಎಂದಳು. "ಅಷ್ಟೇ. ಬೇರೇನೂ ಇಲ್ಲ."

"ನೋಡ್ಬೇಕಾಗಿತ್ತು," ಎಂದರು ಮಾಸ್ಟ್ರು. "ನಾನು ಸೋತ್ರೆ ನಾನು ಸೋತ ಹಾಗೆ ಆಗ್ತಿತ್ತು. ಗೆದ್ರೆ ನಾನು ಗೆದ್ದ ಹಾಗೆ. ಈಗ ಏನು ಗೆದ್ದೆ, ಏನು ಸೋತೆ ಅಂತ್ಲೇ ಗೊತ್ತಿಲ್ಲ ನಂಗೆ. ಆ ಟೇಪು ಕೊಡು ಇಲ್ಲಿ."

ಮಗಳು ಟೇಪು ಕೊಟ್ಟಳು. ಮಾಸ್ಟ್ರು ಎಡಗೈಯಲ್ಲಿ ಬಟ್ಟೆ ಹಿಡಿದು ಬಲಗೈಯಿಂದ ಟೇಪಿನ ತುದಿಯನ್ನು ಕಾಜಕ್ಕೆ ಜೋಡಿಸಿದರು. ಟೇಪು ನಡುಗಿತು. ಕಾಜಮ್ಮ ಕೈ ಎತ್ತಿದವಳು ತಾನಾಗಿಯೇ ಇಳಿಸಿದಳು. ಒಂದೊಂದೇ ಅಂಗಿ ಅಳೆಯುತ್ತಾ ಹೋದರು. ಬಿಳಿಯದು, ದೊಡ್ಡದು. ಗೀಟಿನದು, ದೊಡ್ಡದು. ಬೂದುಬಣ್ಣದ್ದು, ದೇವರಿಗೇ ಪ್ರೀತಿ. ಉಳಿದೆರಡೂ ಅದೇ ಕತೆ. ಕೊನೆಗೆ ನೀಲಿ ಅಂಗಿ. ಅದರ ಏಳೂ ಕಾಜಗಳನ್ನು ಅಳೆದರು, ಮತ್ತೆ ಮೊದಲಿನಿಂದ ಅಳೆದರು.

"ಇದನ್ನ ಯಾವಾಗ ಹೊಲಿದೆ?" ಮಗಳನ್ನು ಕೇಳಿದರು.

"ಹೋದ ಭಾನುವಾರ. ಪೂರ್ತಿ ಮುಚ್ಚಿ ಮೊದಲಿನ ಅಳತೆಗೆ ತಂದೆ."

"ನೀನು ಆಮೇಲೆ ಮುಟ್ಟಿದ್ಯಾ?" ಹೆಂಡತಿಯನ್ನು ಕೇಳಿದರು.

"ಇಲ್ಲ. ಸೋಮವಾರ ನೀವು ಹಾಗಂದ ಮೇಲೆ ಯಾವ ಅಂಗೀನೂ ಮುಟ್ಟಿಲ್ಲ."

ಮಾಸ್ಟ್ರು ಲೆಕ್ಕ ಹಾಕುವವರಂತೆ ಅಂಗಿಯನ್ನೇ ನೋಡುತ್ತಾ ಕೂತರು. ಕಾಜಮ್ಮನಿಗೆ ಅದು ಹೊಳೆದದ್ದು ಒಂದು ಗಳಿಗೆ ತಡವಾಗಿ. ಸೋಮವಾರ ಹದಿನೆಂಟು ನಿಮಿಷ ಹಿಡಿದ ನೀಲಿ ಅಂಗಿಯ ಕಾಜ ಸರಿಯಾದ ಕಾಜ. ಹಿಂದೆ ಮುಕ್ಕಾಲು ಗಂಟೆ ಗುದ್ದಾಡಿ ಬಾಗಿಲಿಗೆ ಎಸೆದಿದ್ದ ಅಂಗಿ ಅದೇ. ಯಾರ ಉಪಕಾರವೂ ಇಲ್ಲದೆ ಏಳೂ ಗುಂಡಿ ತಾವೇ ಹಾಕಿಕೊಂಡ ಮೊದಲನೆಯ ದಿನವೇ ಈ ಮನುಷ್ಯ ಕತ್ತರಿ ಮಾರು ಎಂದಿದ್ದು.

ಅವಳಿಗೆ ನಗು ಬಂತು, ಅಳು ಬಂತು, ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. "ರೀ, ಸೋಮವಾರ..." ಎಂದು ಶುರುಮಾಡಿದಳು.

"ಗೊತ್ತಾಯ್ತು," ಎಂದರು ಮಾಸ್ಟ್ರು. "ನಂಗೆ ಲಕ್ವ ಹೊಡೆದಿರೋದು, ದಡ್ಡತನ ಅಲ್ಲ. ಇಬ್ರೂ ಹೊರಗೆ ನಡೀರಿ."

ಸಂತೋಷಪಡುತ್ತಾರೆಂದು ಕಾದರೆ ಆ ದಿನವೆಲ್ಲ ಮುಖ ಊದಿಸಿಕೊಂಡೇ ಇದ್ದರು. ನಾಳೆ ಅಂಚೆಯಣ್ಣ ಬರುತ್ತಾನೆ, ಬೇಡವೆಂದು ಹೇಳಲೇ ಎಂದು ಮಗಳು ಕೇಳಿದ್ದಕ್ಕೆ ಚೆಂಡು ಎತ್ತಿಕೊಂಡರು. ಅದನ್ನು ಹಿಸುಕುವ ಸದ್ದು ಸಂಜೆಯವರೆಗೂ ಕೇಳುತ್ತಿತ್ತು.

ಶುಕ್ರವಾರ ಹತ್ತು ಗಂಟೆಗೆ ಅಂಚೆಯಣ್ಣ ಬಂದ. ಕಾಗದದಲ್ಲಿ ಸುತ್ತಿದ ಬಟ್ಟೆಯನ್ನು ಮೇಜಿನ ಮೇಲೆ ಕಂಡು ಅವನ ಮುಖ ಸಣ್ಣದಾಯಿತು. "ಇನ್ನೊಂದು ವರ್ಷ ಆದ್ರೂ ಕಾಯ್ತೀನಿ ಅಂತ ಹೇಳಮ್ಮ. ನಂಗೇನು ಅರ್ಜೆಂಟು? ಈ ಭುಜ ಎಲ್ಲಿಗೆ ಓಡಿಹೋಗುತ್ತೆ?" ಎಂದ. ಕಾಜಮ್ಮ ಏನು ಹೇಳುವುದೆಂದು ತಿಳಿಯದೆ ಕೈಯಲ್ಲಿದ್ದ ಹೊಲಿಗೆಯನ್ನೇ ನೋಡಿದಳು. ಆಗ ಮೆಟ್ಟಿಲ ಮೇಲೆ ಕೋಲಿನ ಸದ್ದು ಕೇಳಿತು.

ಹನ್ನೆರಡು ಮೆಟ್ಟಿಲು. ಆರು ತಿಂಗಳಲ್ಲಿ ಆಸ್ಪತ್ರೆಗೆಂದು ಹಿಡಿದು ಇಳಿಸಿದ್ದು ಬಿಟ್ಟರೆ ಮಾಸ್ಟ್ರು ತಾವಾಗಿ ಇಳಿದಿರಲಿಲ್ಲ. ಮಗಳು ಮೆಷಿನ್ನಿನಿಂದ ಎದ್ದಳು. ಕಾಜಮ್ಮ ಅವಳ ಸೆರಗು ಹಿಡಿದು ಕೂರಿಸಿದಳು. ಇಬ್ಬರೂ ಒಂದೊಂದಾಗಿ ಹನ್ನೆರಡು ಎಣಿಸಿದರು.

ನೀಲಿ ಅಂಗಿ ತೊಟ್ಟ ಮಾಸ್ಟ್ರು ಅಂಚೆಯಣ್ಣನಿಗೆ ನಮಸ್ಕಾರವನ್ನೂ ಹೇಳದೆ ನೇರ ಗೋಡೆಯ ಮೊಳೆಯ ಬಳಿ ಹೋದರು. ಅಲ್ಲಿ ಅವರ ತೋಳಿಲ್ಲದ ಕೋಟು ನೇತಾಡುತ್ತಿತ್ತು. ಕತ್ತರಿಸುವಾಗ ಅದನ್ನು ತೊಡದೆ ಅವರು ಮೇಜಿನ ಮುಂದೆ ನಿಂತದ್ದಿಲ್ಲ. ಒಂದು ಜೇಬಿನಲ್ಲಿ ಸೀಮೆಸುಣ್ಣ, ಇನ್ನೊಂದರಲ್ಲಿ ಟೇಪು. ದಪ್ಪ ಬಟ್ಟೆ, ದಪ್ಪ ಗುಂಡಿ ಐದು. ಕಾಜಗಳು ಕಾಜಮ್ಮ ಮದುವೆಯಾದ ವರ್ಷ ಹಾಕಿದವು. ಕೈಚಳಕ ತೋರಿಸಬೇಕೆಂಬ ಹುಮ್ಮಸ್ಸಿನಲ್ಲಿ ಎಷ್ಟು ಬಿಗಿಯಾಗಿ ಹಾಕಿದ್ದಳೆಂದರೆ, ಒಳ್ಳೆಯ ಕೈಗೂ ಗುಂಡಿ ತೂರಿಸುವುದು ಕಷ್ಟ. ಆ ವಯಸ್ಸಿನ ತನ್ನನ್ನು ಅವಳು ಈಗ ಮನಸಾರೆ ಶಪಿಸಿದಳು.

ಮಾಸ್ಟ್ರು ಕೋಟು ಏರಿಸಿ, ಮೇಜಿಗೆ ಒರಗಿ ನಿಂತು ಗುಂಡಿಗೆ ಕೈಹಾಕಿದರು. ಮೊದಲನೆಯದು ಜಾರಿತು. ಮತ್ತೆ ಜಾರಿತು. ಅಂಚೆಯಣ್ಣ ಸಹಾಯಕ್ಕೆಂದು ಒಂದು ಹೆಜ್ಜೆ ಮುಂದಿಟ್ಟ. ಕಾಜಮ್ಮ ಅವನತ್ತ ನೋಡಿದ ನೋಟಕ್ಕೆ ಅಲ್ಲೇ ನಿಂತ. ಮಗಳು ಖಾಲಿ ಮೆಷಿನ್ ತುಳಿಯುತ್ತಾ ಕೂತಳು. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿದರು. ಎಷ್ಟೋ ಹೊತ್ತಿನ ಮೇಲೆ ಗುಂಡಿ ತೂರಿತು. ಆಮೇಲೆ ಎರಡನೆಯದು. ಮಾಸ್ಟ್ರ ಹಣೆಯಿಂದ ಬೆವರು ಇಳಿದು ಮೂಗಿನ ತುದಿಯಲ್ಲಿ ನಿಂತಿತು. ಅದನ್ನು ಒರೆಸಲು ಕಾಜಮ್ಮನ ಕೈ ಎಷ್ಟು ತುಡಿಯಿತೆಂದರೆ ಸೂಜಿಯಿಂದ ತನ್ನ ಬೆರಳನ್ನೇ ಚುಚ್ಚಿಕೊಂಡಳು.

ಮೂರನೆಯ ಗುಂಡಿಗೆ ಬಂದಾಗ ಅವಳಿಗೆ ಅದು ಕಾಣಿಸಿತು. ಮೊದಲನೆಯ ಗುಂಡಿ ಎರಡನೆಯ ಕಾಜಕ್ಕೆ ಹೋಗಿತ್ತು. ಅಲ್ಲಿಂದ ಎಲ್ಲವೂ ಒಂದೊಂದು ಕಾಜ ಕೆಳಗೆ. ಕೋಟಿನ ಒಂದು ಪಕ್ಕ ಮೇಲೆದ್ದು ಕತ್ತಿನ ಬಳಿ ಮುದುರಿತ್ತು, ಇನ್ನೊಂದು ಪಕ್ಕ ಜೋತುಬಿದ್ದಿತ್ತು. ಮಗಳೂ ನೋಡಿದಳು. ಅಂಚೆಯಣ್ಣನೂ ನೋಡಿ ಬಾಯಿ ತೆರೆದು, ಕಾಜಮ್ಮನ ಮುಖ ಕಂಡು ಮುಚ್ಚಿದ.

ನಲವತ್ತು ವರ್ಷ ಕಾಜ ಹಾಕಿದ ಹೆಂಗಸಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಾರದು. ಬೀದಿಯಲ್ಲಿ ಅಪರಿಚಿತರ ಗುಂಡಿ ತಪ್ಪಿದ್ದರೂ ತಡೆದು ಹೇಳುವವಳು ಅವಳು. ಮೂರನೆಯದು ನಾಲ್ಕಕ್ಕೆ, ನಾಲ್ಕನೆಯದು ಐದಕ್ಕೆ. ಐದನೆಯ ಗುಂಡಿಗೆ ಕಾಜ ಉಳಿಯಲಿಲ್ಲ. ಅದು ಅನಾಥವಾಗಿ ಕೆಳಗೆ ನೇತಾಡಿತು. ಅವಳು ಹಲ್ಲು ಕಚ್ಚಿ, ತಲೆ ತಗ್ಗಿಸಿ, ಕೈಯಲ್ಲಿದ್ದ ಹೊಲಿಗೆ ಮುಂದುವರಿಸಿದಳು. ಒಂದು ಮಾತೂ ಆಡಲಿಲ್ಲ. ಅವಳ ಜೀವನದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿರಲಿಲ್ಲ.

ಮಾಸ್ಟ್ರು ಕಾಗದ ಹರಿದು ಬಟ್ಟೆಯನ್ನು ಮೇಜಿನ ಮೇಲೆ ಹರಡಿದರು. ಆರು ತಿಂಗಳ ಹಿಂದಿನ ಅರ್ಧ ಗೆರೆ ಮಾಸಿದ್ದರೂ ಕಾಣುತ್ತಿತ್ತು.

"ನಿಂತ್ಕೋ ನೆಟ್ಟಗೆ," ಎಂದು ಅಂಚೆಯಣ್ಣನಿಗೆ ಗದರಿದರು. "ನೆಟ್ಟಗೆ ಅಂದ್ರೆ ನೀನು ನಿಲ್ಲೋ ಹಾಗೆ."

ಅವನ ಎಡಭುಜವನ್ನು ಸ್ವಲ್ಪ ಹೊತ್ತು ನೋಡಿ, ಜೇಬಿನಿಂದ ಸೀಮೆಸುಣ್ಣ ತೆಗೆದು ಬಲಗೈಯಲ್ಲಿ ಹಿಡಿದರು. ಎಡಗೈಯನ್ನು ಬಲಗೈಯ ಮಣಿಕಟ್ಟಿನ ಕೆಳಗೆ ಆಸರೆಯಾಗಿ ಇಟ್ಟರು. ಗೆರೆ ಹೊರಟಿತು. ನಡುಗಿತು, ನಿಂತಿತು, ಮತ್ತೆ ಹೊರಟಿತು. ಚೂರು ಮುಂದೆ ಹೋಗಿ ಗೆರೆ ಹಾದಿ ಬಿಟ್ಟಿತು. ಮಾಸ್ಟ್ರು ಅದನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸಿ, ಹಿಂದಕ್ಕೆ ಬಂದು, ಮತ್ತೆ ಎಳೆದರು. ಮೂರು ಸಲ ಅಳಿಸಿದರು. ನಾಲ್ಕನೆಯ ಸಲ ಗೆರೆ ಭುಜದ ತುದಿ ಮುಟ್ಟಿತು.

"ನಿನ್ನ ಕತ್ತರಿ ತಗೋ," ಎಂದರು ಮಗಳಿಗೆ. "ನೀನು ಕತ್ತರಿಸು. ಗೆರೆ ಮೇಲೆ ಅಲ್ಲ, ಗೆರೆ ಒಳಗೆ. ಭುಜದ ಹತ್ರ ನಾನು ಹೇಳಿದಾಗ ನಿಲ್ಸು, ಅದು ಹೇಗಂತ ತೋರಿಸ್ತೀನಿ. ನನ್ನ ಕತ್ತರಿ ಮಾತ್ರ ಮಾರಬೇಡ. ಅದಕ್ಕೆ ಇನ್ನೂ ಟೈಮಿದೆ."

ಮಗಳು ಕತ್ತರಿ ಎತ್ತಿಕೊಳ್ಳಲು ತಿರುಗಿದಳು. ಕಾಜಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಎದ್ದು ಗಂಡನ ಎದುರಿಗೆ ಬಂದು ನಿಂತಳು. ಎರಡೂ ಕೈ ಬೆನ್ನ ಹಿಂದೆ ಬಿಗಿಯಾಗಿ ಹೆಣೆದುಕೊಂಡಿದ್ದಳು. ಅವಳ ಕಣ್ಣು ಮಾತ್ರ ಆ ಅನಾಥ ಗುಂಡಿಯಿಂದ ಕದಲಲಿಲ್ಲ.

ಮಾಸ್ಟ್ರು ಅವಳ ಕಣ್ಣು ಹೋದ ಕಡೆ ನೋಡಿದರು.

"ಒಂದು ಕಾಜ ತಪ್ಪಿದೆ ಅಂತ ನಂಗೂ ಗೊತ್ತು ಕಣೇ," ಎಂದರು. "ಹಾಗೇ ಇರ್ಲಿ. ನಾಳೆ ನಾನೇ ಸರಿಯಾಗಿ ಹಾಕ್ಕೋತೀನಿ."